ದಿನಸಿ ಚೀಟಿಯನ್ನು 150ರಿಂದ ಭಾಗಿಸಿದಾಗ: ಒಂದು ಅಡುಗೆಮನೆಯ ಪ್ರಕರಣ ಅಧ್ಯಯನ

ತುಮಕೂರಿನಲ್ಲೊಂದು ಬಾಡಿಗೆ ಮನೆ. ಮೊದಲ ಮಹಡಿ, ಮಧ್ಯಾಹ್ನದ ಬಿಸಿಲೆಲ್ಲ ಅಡುಗೆಮನೆಯ ಗೋಡೆಗೇ ಹೊಡೆಯುತ್ತದೆ. ಐದು ಜನ: ಬಿಪಿ ಮಾತ್ರೆ ನುಂಗುವ 70ರ ಅಜ್ಜಿ, 46ರ ಮಗ, ಶಾಲೆಯಲ್ಲಿ ಪಾಠ ಮಾಡುವ 41ರ ಸೊಸೆ, ಪಿಯುಸಿ ಓದುವ ಮೊಮ್ಮಗಳು, ಆರನೇ ಕ್ಲಾಸಿನ ಮೊಮ್ಮಗ. ಮೊಟ್ಟೆ ತಿನ್ನುತ್ತಾರೆ, ಮಾಂಸ ಇಲ್ಲ. ಮಗನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಎರಡು-ಮೂರು ತಿಂಗಳ ಸರಾಸರಿ ಹೇಳುವ ಅಳತೆ) ಶೇಕಡಾ 6.2 ಬಂದಿದೆ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎನ್ನುತ್ತಾರೆ. ವೈದ್ಯರು ಮಾತ್ರೆ ಬರೆಯಲಿಲ್ಲ, ‘ಊಟ ಸರಿ ಮಾಡ್ಕೊಳ್ಳಿ’ ಎಂದು ಕಳಿಸಿದರು.

ಇದು ಬೆರಳು ಮಾಡಿ ತೋರಿಸಬಹುದಾದ ಒಂದೇ ಮನೆಯಲ್ಲ. ಹಳೇ ಮೈಸೂರು ಸೀಮೆಯ ಮಧ್ಯಮ ವರ್ಗದ ಅಡುಗೆಮನೆಗಳಲ್ಲಿ ಕಾಣುವ ಚೀಟಿ, ತಪ್ಪು, ತಿದ್ದುಪಡಿಗಳನ್ನು ಸೇರಿಸಿ ಕಟ್ಟಿದ ಮಾದರಿ ಮನೆ. ಲೆಕ್ಕ ಹಾಕುವ ರೀತಿ ಮಾತ್ರ ಯಾರ ಮನೆಗಾದರೂ ಒಗ್ಗುತ್ತದೆ.

ಮೊದಲ ಯತ್ನ ಕೆಟ್ಟದ್ದು

ವರದಿ ಬಂದ ಭಾನುವಾರವೇ ದೊಡ್ಡ ಅಂಗಡಿಗೆ ಹೋಗಿ ಗಾಡಿ ತುಂಬ ಸಾಮಾನು ತಂದರು. ಪಾಲಿಶ್ ಮಾಡದ ಕೆಂಪಕ್ಕಿ 10 ಕಿಲೋ. ನವಣೆ, ಸಾಮೆ, ಊದಲು, ಕೊರಲೆ, ಹಾರಕ ತಲಾ ಒಂದು ಕಿಲೋ. ಸಜ್ಜೆ ಹಿಟ್ಟು 2 ಕಿಲೋ. ಅಗಸೆ ಪುಡಿ 1 ಕಿಲೋ. ಓಟ್ಸ್, ಚಿಯಾ, ಜೇನುತುಪ್ಪ. ಸಕ್ಕರೆಯ ಬದಲಿಗೆ 5 ಕಿಲೋ ಬೆಲ್ಲ. ಮನೆಯಲ್ಲಿದ್ದ ಬಿಸ್ಕತ್ತು, ಮೈದಾ, ನೂಡಲ್ಸ್ ಎಲ್ಲವನ್ನೂ ಬೇರೆಯವರಿಗೆ ಕೊಟ್ಟುಬಿಟ್ಟರು.

ಹತ್ತನೇ ದಿನಕ್ಕೆ ಸಜ್ಜೆ ಹಿಟ್ಟು ಕಹಿಯಾಯಿತು. ಮೂರನೇ ವಾರಕ್ಕೆ ಅಗಸೆ ಪುಡಿ ಗೋಡೆಗೆ ಹಚ್ಚುವ ಬಣ್ಣದ ಹಾಗೆ ನಾರತೊಡಗಿತು. ಎರಡು ತಿಂಗಳು ಕಳೆದಾಗ ಕೆಂಪಕ್ಕಿ ಇನ್ನೂ ಆರು ಕಿಲೋ ಉಳಿದಿತ್ತು, ಕಾಳುಗಳ ನಡುವೆ ಹುಳದ ಬಲೆ ಕಟ್ಟಿತ್ತು, ವಾಸನೆ ಕಮಟು. ಕೊರಲೆ, ಹಾರಕದ ಪೊಟ್ಟಣ ಒಡೆದೇ ಇರಲಿಲ್ಲ. ಮೂರನೇ ತಿಂಗಳು ಹಳೆಯ ಚೀಟಿಯೇ ಮತ್ತೆ ಅಂಗಡಿಗೆ ಹೋಯಿತು, ಬಿಸ್ಕತ್ತು ಸಮೇತ.

ಈ ಸೋಲಿಗೆ ಮನಸ್ಸಿನ ದೌರ್ಬಲ್ಯ ಕಾರಣವಲ್ಲ, ಸಾಮಾನಿನ ಗುಣವೇ ಅಂಥದ್ದು. ತೌಡು ಉಳಿದ ಧಾನ್ಯದಲ್ಲಿ ಎಣ್ಣೆಯಂಶವೂ ಉಳಿದಿರುತ್ತದೆ. ಬೀಸಿದ ಕೂಡಲೇ ಅದಕ್ಕೆ ಗಾಳಿ ತಾಗುತ್ತದೆ, ಧಾನ್ಯದೊಳಗಿನ ಕಿಣ್ವಗಳು ಎಣ್ಣೆಯನ್ನು ಒಡೆಯಲು ಶುರು ಮಾಡುತ್ತವೆ. ಸಜ್ಜೆಯಲ್ಲಿ ಕೊಬ್ಬು ನೂರು ಗ್ರಾಮಿಗೆ ಐದರ ಆಸುಪಾಸು, ಅದಕ್ಕೇ ಅದರ ಹಿಟ್ಟು ವಾರ ಕಳೆಯುವಷ್ಟರಲ್ಲಿ ಕೆಡುತ್ತದೆ. ರಾಗಿಯಲ್ಲಿ ಎರಡು ಗ್ರಾಮಿಗೂ ಕಡಿಮೆ. ಹಿಂದಿನವರು ರಾಗಿಯನ್ನು ವರ್ಷಗಟ್ಟಲೆ ಹಗೇವಿನಲ್ಲಿ (ಧಾನ್ಯ ತುಂಬಿಡುವ ನೆಲದ ಗುಂಡಿ) ಇಡಲು ಸಾಧ್ಯವಾದದ್ದರ ಹಿಂದೆ ಇದೂ ಒಂದು ಗುಟ್ಟು. ಬೆಲ್ಲದ ವಿಷಯದಲ್ಲಂತೂ ಲೆಕ್ಕವೇ ತಪ್ಪಿತ್ತು: ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಬಣ್ಣ, ರುಚಿ, ಚೂರುಪಾರು ಖನಿಜ ಬೇರೆ, ರಕ್ತಕ್ಕೆ ಹೋಗುವ ಸಕ್ಕರೆ ಅದೇ. ಜೇನಿಗೂ ಈ ಮಾತು ಸಲ್ಲುತ್ತದೆ.

ಚೀಟಿಯನ್ನೇ ಓದುವುದು

ಎರಡನೇ ಸಲ ಯಾವ ಹೊಸ ಸಾಮಾನನ್ನೂ ತರಲಿಲ್ಲ. ಹಳೆಯ ಚೀಟಿಯಂತೆ ತಂದ ಮೂರು ತಿಂಗಳ ಅಂಗಡಿ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸರಾಸರಿ ತೆಗೆದರು. ಐದು ಜನ, 30 ದಿನ: 150 ತಲೆ-ದಿನ. ಚೀಟಿಯಲ್ಲಿರುವ ಪ್ರತಿಯೊಂದನ್ನೂ ಗ್ರಾಮಿಗೆ ತಂದು 150ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆಷ್ಟು ಎಂದು ಗೊತ್ತಾಗುತ್ತದೆ. ತಟ್ಟೆಯಲ್ಲಿ ಏನಿತ್ತೆಂದು ನೆನಪಿಸಿಕೊಂಡು ಬರೆಯುವಾಗ ಎಲ್ಲರೂ ಸ್ವಲ್ಪ ಕಡಿಮೆಯೇ ಹೇಳುತ್ತಾರೆ. ಬಿಲ್ಲು ಹಾಗೆ ಮಾಡುವುದಿಲ್ಲ.

ಹೋಲಿಸಲು ಅಳತೆ ಬೇಕಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೋ ಕ್ಯಾಲೊರಿಯ ದಿನದ ತಟ್ಟೆಯೊಂದಿದೆ: ಧಾನ್ಯ 250 ಗ್ರಾಂ, ಬೇಳೆಕಾಳು (ಅಥವಾ ಮೊಟ್ಟೆ, ಮಾಂಸ) 85, ತರಕಾರಿ ಮತ್ತು ಸೊಪ್ಪು 400, ಹಣ್ಣು 100, ಕಡಲೆಕಾಯಿ ಬೀಜ, ಎಳ್ಳಿನಂಥವು 35, ಎಣ್ಣೆ-ತುಪ್ಪ 27, ಹಾಲು ಅಥವಾ ಮೊಸರು 300 ಮಿಲಿ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಬೆರೆಸುವ ಸಕ್ಕರೆ 20ರಿಂದ 25 ಗ್ರಾಮಿನೊಳಗಿರಬೇಕು. ಅಜ್ಜಿಗೆ ಇಷ್ಟು ಬೇಡ, ಬೆಳೆಯುವ ಹುಡುಗಿಗೆ ಇನ್ನಷ್ಟು ಬೇಕು. ಐವರ ಸರಾಸರಿಗೆ ಈ ಅಳತೆ ಸಾಕು.

ಧಾನ್ಯ: ಅಕ್ಕಿ 25 ಕಿಲೋ ಮೂಟೆ, ದೋಸೆ ಅಕ್ಕಿ 5, ಗೋಧಿ ಹಿಟ್ಟು 4, ರವೆ 3, ರಾಗಿ ಹಿಟ್ಟು 2, ಅವಲಕ್ಕಿ 1, ಮೈದಾ 1, ಶಾವಿಗೆ ಅರ್ಧ. ಒಟ್ಟು 41.5 ಕಿಲೋ, ತಲೆಗೆ 277 ಗ್ರಾಂ. ಮಿತಿಗಿಂತ ತುಸು ಹೆಚ್ಚು, ಗಾಬರಿಪಡುವಷ್ಟೇನಲ್ಲ. ಗಾಬರಿ ಇರುವುದು ಒಳಗೆ: ಹೊಟ್ಟು ಸಮೇತ ಬಂದದ್ದು ರಾಗಿ, ಗೋಧಿ ಸೇರಿ 6 ಕಿಲೋ ಮಾತ್ರ, ಏಳರಲ್ಲೊಂದು ಪಾಲು.

ಬೇಳೆಕಾಳು: ತೊಗರಿಬೇಳೆ 3, ಉದ್ದಿನಬೇಳೆ ಒಂದೂವರೆ, ಕಡಲೆಬೇಳೆ, ಹೆಸರುಬೇಳೆ, ಹೆಸರುಕಾಳು, ಹುರಿಗಡಲೆ ತಲಾ ಅರ್ಧ. ಒಟ್ಟು 6.5 ಕಿಲೋ, ತಲೆಗೆ 43 ಗ್ರಾಂ. ಬೇಕಾದದ್ದರ ಅರ್ಧ. ಈ ಮನೆಯವರು ತಮ್ಮ ತೊಂದರೆ ಅನ್ನ ಎಂದುಕೊಂಡಿದ್ದರು. ನಿಜವಾದ ತೊಂದರೆ ಅನ್ನದ ಪಕ್ಕದ ಖಾಲಿ ಜಾಗ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಎಂಬುದು ಸಾರು ಬಡಿಸುವ ಸೌಟಿಗೆ ಗೊತ್ತು.

ಎಣ್ಣೆ 5 ಲೀಟರ್. ಲೀಟರಿಗೆ ಸುಮಾರು 910 ಗ್ರಾಂ ಹಿಡಿದರೆ 4.55 ಕಿಲೋ, ತುಪ್ಪ ಅರ್ಧ ಕಿಲೋ. ತಲೆಗೆ ಸುಮಾರು 34 ಗ್ರಾಂ. ಒಗ್ಗರಣೆಗೆ ಮುಂಚೆಯೇ ಚಟ್ನಿಗೆ ಬಿದ್ದ ತೆಂಗಿನಕಾಯಿ, ಹೊರಗೆ ತಿಂದ ಬೋಂಡಾ ಇದರಲ್ಲಿ ಸೇರಿಲ್ಲ. (ಎಣ್ಣೆ ಪೊಟ್ಟಣಗಳೆಲ್ಲ ಈಗ ಒಂದೇ ತೂಕದವಲ್ಲ. ಒಂದು ಲೀಟರಿನಂತೆ ಕಂಡರೂ ಕಡಿಮೆ ಇರಬಹುದು, ಹಿಂಬದಿಯ ನಿವ್ವಳ ತೂಕ ನೋಡಿಯೇ ಬರೆದುಕೊಳ್ಳಬೇಕು.)

ಸಕ್ಕರೆ 4, ಬೆಲ್ಲ ಒಂದೂವರೆ: ತಲೆಗೆ ಸುಮಾರು 37 ಗ್ರಾಂ. ಎಲ್ಲಿಗೆ ಹೋಗುತ್ತಿದೆ? ಹಬ್ಬದ ಸಿಹಿಗಲ್ಲ. ದೊಡ್ಡವರು ಮೂವರು, ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ 5 ಗ್ರಾಂ ಎಂದರೂ ದಿನಕ್ಕೆ 90, ತಿಂಗಳಿಗೆ 2.7 ಕಿಲೋ. ಉಪ್ಪು ಒಂದೂವರೆ ಕಿಲೋ, ತಲೆಗೆ 10 ಗ್ರಾಂ; ಸೊಪ್ಪು, ಹೂಕೋಸು ನೆನೆಸುವ ನೀರಿಗೆ ಹೋದದ್ದನ್ನು ಕಳೆದರೂ ಮಿತಿಯ ಒಂದೂವರೆ ಪಟ್ಟು ಮೀರುತ್ತದೆ.

ಉಳಿದದ್ದು ಪೊಟ್ಟಣಗಳು: ಬಿಸ್ಕತ್ತು 12, ರಸ್ಕ್ 4, ನೂಡಲ್ಸ್ 12, ಖಾರಾ ಮಿಕ್ಸ್ಚರ್ 2 ಕಿಲೋ, ಹಾಲಿಗೆ ಬೆರೆಸುವ ಮಾಲ್ಟ್ ಪುಡಿ 1 ಕಿಲೋ. ಇಂಥ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಲ್ಲಿಟ್ಟು ಮಾರಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಮನೆಯ ಕಪಾಟಿನಲ್ಲಿ ಮಾತ್ರ ಅದು ಇನ್ನೂ ಅದೇ ವಿಭಾಗದಲ್ಲೇ ಕೂತಿದೆ.

ಸಂಜೆ ನಾಲ್ಕೂಮುಕ್ಕಾಲು

ಲೆಕ್ಕ ಸಿಕ್ಕ ಮೇಲೆ ಗಡಿಯಾರ ನೋಡಬೇಕು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಯೋಚಿಸಿ ಮಾಡುವಂಥವು. ಈ ಮನೆ ಎಡವುವುದು ಸಂಜೆ. ಮಕ್ಕಳು, ಸೊಸೆ ನಾಲ್ಕೂಮುಕ್ಕಾಲಿಗೆ ಒಟ್ಟಿಗೆ ಮನೆಗೆ ಬರುತ್ತಾರೆ, ಎಲ್ಲರಿಗೂ ಹಸಿವು. ಐದು ನಿಮಿಷದಲ್ಲಿ ಕೈಗೆ ಸಿಗುವುದು ಏನಿದೆ ಎಂದು ಪಟ್ಟಿ ಮಾಡಿದರೆ ಬಿಸ್ಕತ್ತು, ರಸ್ಕ್, ಮಿಕ್ಸ್ಚರ್, ನೂಡಲ್ಸ್. ಆ ಹೊತ್ತಿಗೆ ತಿನ್ನಬಹುದಾದ ಒಳ್ಳೆಯದೆಲ್ಲ ಒಂದೋ ಎಂಟು ಗಂಟೆ ನೆನೆಯಬೇಕು, ಇಲ್ಲವೇ ಬೇಯಬೇಕು. ಮೊದಲ ಯತ್ನದಲ್ಲಿ ತಂದ ಹಾರಕ, ಕೊರಲೆ ಯಾವುದೂ ನಾಲ್ಕೂಮುಕ್ಕಾಲಿಗೆ ಉತ್ತರವಾಗಿರಲಿಲ್ಲ.

ಆದ್ದರಿಂದ ಹೊಸ ಚೀಟಿ ಬರೆಯುವಾಗ ಮೊದಲು ಬರೆದದ್ದು ಐದು ನಿಮಿಷದ ಸಾಮಾನು. ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿದ ಡಬ್ಬ. ರಾಗಿ ಹುರಿಹಿಟ್ಟು, ಮಜ್ಜಿಗೆಗೆ ಎರಡು ದೊಡ್ಡ ಚಮಚ ಕಲಸಿದರೆ ಆಯಿತು (ಕೊಳ್ಳುವಾಗ ಪೊಟ್ಟಣದ ಮೇಲೆ ಪದಾರ್ಥಗಳ ಸಾಲಿನಲ್ಲಿ ಸಕ್ಕರೆ ಇದೆಯೇ ನೋಡಬೇಕು, ತೂಕ ಹೆಚ್ಚಿರುವುದೇ ಮೊದಲು ಬರಬೇಕೆಂಬುದು ನಿಯಮ). ಬೇಯಿಸಿಟ್ಟ ಮೊಟ್ಟೆ. ಬಾಳೆಹಣ್ಣು. ಫ್ರಿಜ್ಜಿನಲ್ಲಿ ಬೇಯಿಸಿದ ಕಾಳಿನ ಡಬ್ಬ, ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿದರೆ ಉಸಲಿ. ಕೆಂಪು ಅವಲಕ್ಕಿ.

ಇಡುವ ಜಾಗವೂ ಬದಲಾಯಿತು. ಇವೆಲ್ಲ ಕಣ್ಣೆತ್ತರದ ಶೆಲ್ಫಿಗೆ, ಒಳಗಿನದು ಕಾಣುವ ಡಬ್ಬಗಳಲ್ಲಿ. ಬಿಸ್ಕತ್ತು ನಿಷೇಧವಾಗಲಿಲ್ಲ, ಸ್ಟೀಲ್ ಡಬ್ಬಕ್ಕೆ ಹೋಗಿ ಅಟ್ಟ ಸೇರಿತು. ಸ್ಟೂಲು ಹಾಕಿ ಹತ್ತಬೇಕು.

ಹೊಸ ಚೀಟಿ

ಧಾನ್ಯದಲ್ಲಿ ಅಕ್ಕಿ ದೋಸೆಗೂ ಸೇರಿ 18 ಕಿಲೋ, ರಾಗಿ 7, ಗೋಧಿ ತಂದು ಬೀಸಿಸಿದ್ದು 5, ನವಣೆ 2, ಗೋಧಿ ನುಚ್ಚು, ಕೆಂಪು ಅವಲಕ್ಕಿ, ರವೆ ತಲಾ ಒಂದೂವರೆ. ಒಟ್ಟು 36.5 ಕಿಲೋ, ತಲೆಗೆ 243 ಗ್ರಾಂ. ಮೊದಲ ಸಲ ತಂದ ಐದು ಸಿರಿಧಾನ್ಯಗಳಲ್ಲಿ ಒಂದೇ ಒಂದು, ನವಣೆ. ಅದೂ ಬಿಸಿಬೇಳೆಬಾತ್, ಉಪ್ಪಿಟ್ಟಿಗೆ ಒಗ್ಗುತ್ತದೆಂಬ ಕಾರಣಕ್ಕೆ. ಐದು ಬಗೆ ಒಟ್ಟಿಗೆ ತಂದರೆ ಐದೂ ಕೊನೆಯ ಕಾಲು ಕಿಲೋಗೆ ಬಂದು ನಿಲ್ಲುತ್ತವೆ, ಹುಳ ಹಿಡಿಯುವುದು ಆ ಕಾಲು ಕಿಲೋಗೇ. ನವಣೆ ತೀರಾ ಬಿಳುಪಾಗಿ ಹೊಳೆಯುತ್ತಿದ್ದರೆ ಹೊಟ್ಟು ಹೋಗಿದೆ ಎಂದರ್ಥ. ಅದಕ್ಕೆ ಹೆಚ್ಚು ಹಣ ಕೊಡುವುದು ದಂಡ.

ರಾಗಿಯ ಬಗ್ಗೆ ಒಂದು ಮಾತು. ನಾರು, ಕ್ಯಾಲ್ಸಿಯಂ ಎರಡರಲ್ಲೂ ಪಾಲಿಶ್ ಅಕ್ಕಿಗೆ ಅದರ ಹತ್ತಿರ ಬರಲಾಗದು. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದರೆ ಮುದ್ದೆ ಎಂದಾಕ್ಷಣ ರಕ್ತದ ಸಕ್ಕರೆ ಏರುವುದೇ ಇಲ್ಲ ಎಂಬುದು ಸುಳ್ಳು. ನುಣ್ಣಗೆ ಬೀಸಿದ ಹಿಟ್ಟು, ಎರಡು ದಪ್ಪ ಮುದ್ದೆ, ಜೊತೆಗೆ ನೀರುಸಾರು ಎಂದರೆ ಮಗನ ವರದಿಗೆ ಏನೂ ಲಾಭವಿಲ್ಲ. ಒಂದು ಮುದ್ದೆ, ಕಾಳಿನ ಬಸ್ಸಾರು, ಪಕ್ಕದಲ್ಲಿ ಅದೇ ಕಾಳು-ಸೊಪ್ಪಿನ ಪಲ್ಯ ಇದ್ದರೆ ಊಟದ ಲೆಕ್ಕವೇ ಬೇರೆ.

ಬೇಳೆಕಾಳು 11.5 ಕಿಲೋ: ತೊಗರಿಬೇಳೆ 3, ಉದ್ದು ಒಂದೂವರೆ, ಕಡಲೆಬೇಳೆ ಅರ್ಧ, ಹೆಸರುಬೇಳೆ 1, ಹೆಸರುಕಾಳು ಒಂದೂವರೆ, ಹುರುಳಿ, ಅಲಸಂದೆ, ಕಡಲೆಕಾಳು, ಹುರಿಗಡಲೆ ತಲಾ 1. ತಲೆಗೆ 77 ಗ್ರಾಂ, ತಿಂಗಳಿಗೆ 30 ಮೊಟ್ಟೆ ಬೇರೆ. ಬೇಳೆ ಹೆಚ್ಚಿಸದೆ ಇಡಿ ಕಾಳು ಹೆಚ್ಚಿಸಿದ್ದು ಬೇಕೆಂದೇ. ಬೇಳೆ ಸಾರಿನಲ್ಲಿ ಕರಗಿ ತೆಳ್ಳಗಾಗುತ್ತದೆ, ಕಾಳು ತಟ್ಟೆಯಲ್ಲಿ ಎಣಿಸಲು ಸಿಗುತ್ತದೆ.

ಕಡಲೆಕಾಯಿ ಬೀಜ 2 ಕಿಲೋ, ಎಳ್ಳು, ಹುಚ್ಚೆಳ್ಳು ತಲಾ 300 ಗ್ರಾಂ, ಅಗಸೆ ಕಾಲು ಕಿಲೋ. ತಲೆಗೆ 19 ಗ್ರಾಂ. ತಟ್ಟೆ ಹೇಳುವ 35ಕ್ಕೆ ತಲುಪಿಸುವ ಹಟ ಬೇಡ, ತೆಂಗಿನಕಾಯಿ ದಿನವೂ ಬಳಸುವ ಮನೆಯಿದು. ಹುಚ್ಚೆಳ್ಳು ಚಟ್ನಿಪುಡಿ ಅಜ್ಜಿಗೆ ಗೊತ್ತಿದ್ದ ಕಸುಬು, ಹೊಸದಾಗಿ ಕಲಿಯುವುದೇನೂ ಇರಲಿಲ್ಲ.

ಎಣ್ಣೆ ಮೂರೂವರೆ ಲೀಟರ್, ತುಪ್ಪ 400 ಗ್ರಾಂ, ತಲೆಗೆ 24 ಗ್ರಾಂ. ಇಳಿಸಿದ ಉಪಾಯ ಸರಳ: ದೊಡ್ಡ ಡಬ್ಬದಿಂದ ಪ್ರತಿ ಸೋಮವಾರ 800 ಮಿಲಿ ಮಾತ್ರ ಒಲೆಯ ಪಕ್ಕದ ಬಾಟಲಿಗೆ. ಶನಿವಾರ ಮುಗಿದರೆ ಭಾನುವಾರ ಪೂರಿ ಇಲ್ಲ. ತಿಂಗಳ ಕೊನೆಯ ಎರಡು ದಿನಕ್ಕೆ ಉಳಿದದ್ದು ಇರುತ್ತದೆ. ಬಾಟಲಿ ಒಲೆಗೆ ಒತ್ತಿ ಇಡಬಾರದು. ಗಾಣದ ಎಣ್ಣೆಯಾದರಂತೂ ಕತ್ತಲಲ್ಲಿ, ಗಟ್ಟಿ ಮುಚ್ಚಳ ಹಾಕಿ ಇಡಬೇಕು, ತಿಂಗಳಿಗಾಗುವಷ್ಟೇ ತರಬೇಕು.

ಸಕ್ಕರೆ 2 ಕಿಲೋ, ಬೆಲ್ಲ ಮುಕ್ಕಾಲು, ತಲೆಗೆ 18 ಗ್ರಾಂ. ಬಿಸ್ಕತ್ತಿನೊಳಗಿನ ಸಕ್ಕರೆಗೆ ಇಷ್ಟು ಜಾಗ ಬಿಡಲೇಬೇಕು. ಕಾಫಿಗೆ ಒಂದು ಚಮಚ ಎಂದು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಸಕ್ಕರೆ ಡಬ್ಬದೊಳಗಿನ ಚಮಚವನ್ನೇ ತೆಗೆದು ಮಗುವಿಗೆ ಔಷಧಿ ಹಾಕುವಷ್ಟು ಸಣ್ಣದನ್ನಿಟ್ಟಾಗ ಕೆಲಸ ಆಯಿತು. ಉಪ್ಪು 1 ಕಿಲೋ. 750 ಗ್ರಾಮಿಗೆ ಒಮ್ಮೆಲೇ ಇಳಿಸಿದರೆ ಸಾರು ಸಪ್ಪೆ ಎಂದು ಎಲ್ಲರೂ ಮೇಲೆ ಉದುರಿಸಿಕೊಳ್ಳುತ್ತಾರೆ, ಆಗ ಲೆಕ್ಕವೇ ತಪ್ಪುತ್ತದೆ. ಪೊಟ್ಟಣದ ತಿಂಡಿಯಲ್ಲಿ ‘ಸೋಡಿಯಂ’ ಎಂದು ಬರೆದಿರುವುದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ: 1000 ಮಿಲಿಗ್ರಾಂ ಸೋಡಿಯಂ ಎಂದರೆ 2.5 ಗ್ರಾಂ ಉಪ್ಪು, ದಿನದ ಅರ್ಧ ಪಾಲು.

ಕೆಡದಂತೆ ಇಡುವುದು

ಚೀಟಿ ಬದಲಾದರೆ ಹುಳವೂ ಬದಲಾಗುತ್ತದೆ. ಬೇಳೆ ತುಂಬಿದ ಮನೆಗೆ ಇಡಿ ಕಾಳು ಬಂದಾಗ ಮೊದಲು ಕಾಣುವುದು ಕುಟ್ಟೆ, ಕಾಳು ಕೊರೆಯುವ ಹುಳ. ಕಾಳಿನ ಮೇಲೆ ಸಣ್ಣ ಬಿಳಿ ಚುಕ್ಕೆ ಅಂಟಿದ್ದರೆ ಅದು ಮೊಟ್ಟೆ. ಬಹಳ ಸಲ ಹೊಲದಿಂದಲೇ ಬಂದಿರುತ್ತದೆ, ನಿಮ್ಮ ಡಬ್ಬದ ತಪ್ಪಲ್ಲ. ತಂದ ದಿನವೇ ಪೊಟ್ಟಣ ಸಮೇತ ಫ್ರೀಜರಿನಲ್ಲಿ ನಾಲ್ಕೈದು ದಿನ ಇಟ್ಟರೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಪೊಟ್ಟಣ ಒಡೆಯದೆ ಒಂದು ದಿನ ಹೊರಗಿಡಬೇಕು. ತಣ್ಣಗಿರುವಾಗಲೇ ಒಡೆದರೆ ಗಾಳಿಯ ತೇವ ಕಾಳಿಗೆ ಕೂತು ಬೂಷ್ಟು ಬರುತ್ತದೆ. ಫ್ರೀಜರಿನಲ್ಲಿ ಜಾಗವಿಲ್ಲದಿದ್ದರೆ ಹಳೆಯ ದಾರಿ ಇದೆ: ಬಿಸಿಲಲ್ಲಿ ಒಣಗಿಸಿ, ಆರಿಸಿ, ಕಿಲೋಗೆ ಒಂದು ಚಹಾ ಚಮಚ ಹರಳೆಣ್ಣೆ ಸವರುವುದು. ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗೆ ಬೆವರುತ್ತದೆ.

ಹೊಸ ಸಾಮಾನನ್ನು ಹಳೆಯದರ ಮೇಲೆ ಸುರಿಯುವುದು ಎಲ್ಲ ಮನೆಗಳ ರೂಢಿ. ಡಬ್ಬದ ತಳದ ಹಳೆಯ ಪಾಲು ಹೀಗೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಬೇಕು. ಅದು ಆಗದೆಂದರೆ ಹಳೆಯದನ್ನು ಬೇರೆ ತೆಗೆದು, ಹೊಸದನ್ನು ಕೆಳಗೆ ಹಾಕಿ, ಹಳೆಯದನ್ನು ಮೇಲೆ ಸುರಿಯಬೇಕು.

ಅಗಸೆ ಇಡಿಯಾಗಿ ತಂದು, ವಾರಕ್ಕಾಗುವಷ್ಟು ಹುರಿದು ಪುಡಿ ಮಾಡಿ ಫ್ರಿಜ್ಜಿನಲ್ಲಿಡುವುದು. ಇಡಿಯಾಗಿ ನುಂಗಿದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಬಿಸಿಲು ಹೊಡೆಯುವ ಗೋಡೆಯ ಕಪಾಟಿಗೆ ಉಪ್ಪು, ಸಕ್ಕರೆ, ಪಾತ್ರೆ. ಎಣ್ಣೆ, ಬೀಜ, ಹಿಟ್ಟು ಎದುರು ಗೋಡೆಗೆ.

ಎಡವಿದ ಜಾಗಗಳು

ಮೊದಲ ವಾರ ಕಡಲೆಕಾಳು ಎಂಟು ವಿಶಲ್ ಕೂಗಿಸಿದರೂ ಬೇಯಲಿಲ್ಲ. ಅಂಗಡಿಯವರನ್ನು ಬೈದದ್ದಾಯಿತು. ಕಾರಣ ನೀರು. ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಹಳೆಯ ಕಾಳಾದರೆ ಎರಡರಷ್ಟು ತೊಂದರೆ. ಕುಡಿಯುವ ಶುದ್ಧ ನೀರಿನಲ್ಲಿ, ಲೀಟರಿಗೆ ಎರಡು ಚಹಾ ಚಮಚ ಉಪ್ಪು ಹಾಕಿ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ಶುದ್ಧ ನೀರಿನಲ್ಲಿ ಬೇಯಿಸಿದಾಗ ಐದು ವಿಶಲ್ ಸಾಕಾಯಿತು. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಬಿ1 ಜೀವಸತ್ವ ಹಾಳಾಗುವುದೂ ನಿಜ. ಹುಣಸೆ, ಟೊಮೆಟೊ ಕಾಳು ಬೆಂದ ಮೇಲೆಯೇ ಹಾಕಬೇಕು.

ಎರಡನೇ ವಾರ ಅಜ್ಜಿಗೆ ಹೊಟ್ಟೆ ಉಬ್ಬರ. ದಿನಕ್ಕೆ 43 ಗ್ರಾಮಿನಿಂದ 77ಕ್ಕೆ ಒಮ್ಮೆಲೇ ಹಾರಿದರೆ ಯಾರಿಗಾದರೂ ಬರುವಂಥದ್ದೇ. ಅವರಿಗೆ ಹೆಸರುಬೇಳೆ, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಮಾತ್ರ ಉಳಿಸಿ, ಹುರುಳಿಯನ್ನು ಕಟ್ಟಿನ ಸಾರಿಗೆ ಇಳಿಸಿದರು. ಒಂದು ತಿಂಗಳಲ್ಲಿ ಅಲಸಂದೆ ಒಗ್ಗಿತು. ಮೊಳಕೆ ಕಾಳು ನಾತ ಹೊಡೆದದ್ದು ಬಟ್ಟೆಯಲ್ಲಿ ನೀರು ನಿಂತು. ಕಟ್ಟಿದ ಗಂಟು ತೊಟ್ಟಿಕ್ಕುವುದು ನಿಂತ ಮೇಲೆಯೇ ಪಾತ್ರೆಗಿಡಬೇಕು.

ಇನ್ನೊಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಅಜ್ಜಿಯ ಬಿಪಿಗೆಂದು ಮಗ ‘ಕಡಿಮೆ ಸೋಡಿಯಂ’ ಉಪ್ಪು ತಂದರು. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ಕೆಲವು ಬಿಪಿ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ, ಮೂತ್ರಪಿಂಡ ಸೋತವರಿಗೂ ಅದು ಹೊರಹೋಗದು. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಸಂಚಕಾರ. ವೈದ್ಯರನ್ನು ಕೇಳಿದ ಮೇಲೆ ಆ ಪೊಟ್ಟಣ ಅಂಗಡಿಗೆ ವಾಪಸಾಯಿತು. ಕಲ್ಲುಪ್ಪು, ಇಂದುಪ್ಪಿಗೆ ಬದಲಾಯಿಸುವವರು ಅಯೋಡಿನ್ ಸೇರಿದೆಯೇ ನೋಡಬೇಕು. ಹಲವು ಪೊಟ್ಟಣಗಳಲ್ಲಿ ಇರುವುದಿಲ್ಲ.

ಹುಡುಗ ಉಸಲಿಯನ್ನು ಹತ್ತು ದಿನ ಮುಟ್ಟಲಿಲ್ಲ. ಒತ್ತಾಯ ಮಾಡದೆ ಬೇಯಿಸಿದ ಕಡಲೆಕಾಳಿಗೆ ಈರುಳ್ಳಿ, ಮಾವಿನಕಾಯಿ ತುರಿ, ಚೂರು ಮಿಕ್ಸ್ಚರ್ ಉದುರಿಸಿ ಚುರುಮುರಿಯ ಹಾಗೆ ಪೊಟ್ಟಣದಲ್ಲಿ ಕೊಟ್ಟರು. ಮಿಕ್ಸ್ಚರ್ ಚೀಟಿಯಲ್ಲಿ ಕಾಲು ಕಿಲೋ ಉಳಿದುಕೊಂಡದ್ದು ಹೀಗೆ.

ಮೂರು ತಿಂಗಳ ಮೇಲೆ

ಬಿಲ್ಲುಗಳನ್ನು ಮತ್ತೆ 150ರಿಂದ ಭಾಗಿಸಿದಾಗ ಕಾಳು 71 ಗ್ರಾಂ, ಎಣ್ಣೆ-ತುಪ್ಪ 26, ಸಕ್ಕರೆ-ಬೆಲ್ಲ 22, ಉಪ್ಪು 7. ಬರೆದಿಟ್ಟಷ್ಟು ಇಳಿದಿಲ್ಲ. ಬಿಸ್ಕತ್ತು 12ರಿಂದ 5, ನೂಡಲ್ಸ್ 4, ಮಾಲ್ಟ್ ಪುಡಿ ನಿಂತಿದೆ. ಕಾಳು, ಬೀಜಕ್ಕೆ ಹೆಚ್ಚಾದ ಖರ್ಚು ಈ ಪೊಟ್ಟಣಗಳ ಉಳಿತಾಯದಲ್ಲಿ ಹೆಚ್ಚುಕಡಿಮೆ ಸರಿಹೋಗುತ್ತದೆ. ರಕ್ತಪರೀಕ್ಷೆಯನ್ನು ಈ ಹೊತ್ತಿಗೆ ಮತ್ತೆ ಮಾಡಿಸಬೇಕು. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ ಅದಕ್ಕೆ ಮುಂಚೆ ಮಾಡಿಸಿ ಪ್ರಯೋಜನವಿಲ್ಲ.

ನಾಲ್ಕನೇ ತಿಂಗಳು ಶ್ರಾವಣ. ವರಮಹಾಲಕ್ಷ್ಮಿ ಹಬ್ಬದ ಕಡಲೆಬೇಳೆ, ಬೆಲ್ಲ, ತುಪ್ಪವನ್ನು ಬೇರೆ ಚೀಟಿಯಲ್ಲಿ ಬರೆದರು, ತಿಂಗಳ ಚೀಟಿಗೆ ಬೆರೆಸಲಿಲ್ಲ. ಹಬ್ಬ ಮುಗಿದು ಉಳಿದ ಒಂದು ಕಿಲೋ ಬೆಲ್ಲವನ್ನು ಮುಂದಿನ ತಿಂಗಳ ಲೆಕ್ಕದಿಂದ ಕಳೆದರು.

ಯಾವ ಚೀಟಿಗೂ ಸೇರದ ಸಾಮಾನು ಒಂದು ಉಳಿದಿದೆ: ಅಜ್ಜಿಯ ಮಾವಿನಕಾಯಿ ಉಪ್ಪಿನಕಾಯಿ ಜಾಡಿ. 4 ಕಿಲೋ ಕಾಯಿಗೆ ಮುಕ್ಕಾಲು ಕಿಲೋ ಉಪ್ಪು. ಐದು ಜನಕ್ಕೆ ಒಂದು ವರ್ಷಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಅರ್ಧ ಗ್ರಾಮೂ ಆಗುವುದಿಲ್ಲ, ಅದಕ್ಕೇ ಮೊದಲ ಸುತ್ತಿನಲ್ಲಿ ಯಾರೂ ಅದರ ತಂಟೆಗೆ ಹೋಗಲಿಲ್ಲ. ಆದರೆ ಜಾಡಿಯ ಮುಕ್ಕಾಲು ಪಾಲು ತಿನ್ನುವವರು ಅಜ್ಜಿಯೇ. ಅವರೊಬ್ಬರ ಲೆಕ್ಕ ಬೇರೆ ಹಾಕಿದರೆ ದಿನಕ್ಕೆ ಒಂದೂವರೆ ಗ್ರಾಂ ಬರುತ್ತದೆ. ಊಟಕ್ಕೆ ಎರಡು ಹೋಳಿನ ಬದಲು ಒಂದು ಎಂಬಲ್ಲಿಗೆ ಸದ್ಯ ಮಾತುಕತೆ ನಿಂತಿದೆ.